ಕಲ್ಲುಕುಟಿಗರ ಮನೆಯ ಹಾಲು

ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಕೆಲವರು ಇಂದು ಯುರೋಪಿನ ದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ರಜೆ ಬಂದಾಗ ಇಟಲಿಗೆ ಹೋಗುವವರೂ ಉಂಟು. ಹಾಗೆ ಹೊರಟವರು ಹಳೆಯ ಡ್ರಾಯಿಂಗ್ ಮೇಷ್ಟ್ರನ್ನು ನೆನೆದು, ಫ್ಲಾರೆನ್ಸಿನಲ್ಲಿ ಎರಡೇ ದಿನ ಇರುತ್ತೇವೆ, ಅಲ್ಲಿ ಮ್ಯೂಸಿಯಮ್ಮುಗಳು ಲೆಕ್ಕವಿಲ್ಲದಷ್ಟಿವೆ, ಯಾವುದನ್ನು ನೋಡೋಣ, ಯಾವುದನ್ನು ಬಿಡೋಣ ಎಂದು ಕೇಳುತ್ತಾರೆ. ನಾನು ಆ ಊರನ್ನು ಕಣ್ಣಾರೆ ಕಂಡವನಲ್ಲ. ಪಾಠ ಹೇಳುವ ಸಲುವಾಗಿ ಪುಸ್ತಕಗಳಲ್ಲಿ ಅದರ ಬೀದಿಗಳನ್ನು ಸುತ್ತಿದವನು. ಆದರೂ ಕೇಳಿದವರಿಗೆ ನಾನು ಹೇಳುವುದು ಒಂದೇ: ಮ್ಯೂಸಿಯಮ್ಮುಗಳ ಪಟ್ಟಿ ಹಿಡಿದು ಓಡಬೇಡಿ, ಒಬ್ಬ ಮನುಷ್ಯನ ಬಾಳನ್ನು ಹಿಡಿದು ನಡೆಯಿರಿ. ಆ ಮನುಷ್ಯ ಮೈಕೆಲ್ಯಾಂಜೆಲೊ. ಅವನು ಬೆಳೆದ, ಕೆಲಸ ಮಾಡಿದ, ಅವಿತುಕೊಂಡ, ಕೊನೆಗೆ ಮಣ್ಣಾದ ಜಾಗಗಳೆಲ್ಲ ಆ ಊರಿನಲ್ಲಿ ಒಂದರಿಂದ ಒಂದಕ್ಕೆ ಕಾಲ್ನಡಿಗೆಯ ದೂರದಲ್ಲಿವೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಇದನ್ನೇ ಬರೆದರೆ ಹೋಗುವವರಿಗೆ ದಾರಿಯಾದೀತು, ಹೋಗದ ನಮ್ಮಂಥವರಿಗೆ ಒಂದು ಕಥೆಯಾದೀತು ಎನಿಸಿತು.

ಮೈಕೆಲ್ಯಾಂಜೆಲೊ ಹುಟ್ಟಿದ್ದು 1475ರ ಮಾರ್ಚ್ 6ರಂದು, ಕಪ್ರೇಸೆ ಎಂಬ ಗುಡ್ಡಗಾಡಿನ ಸಣ್ಣ ಊರಿನಲ್ಲಿ. ತಂದೆ ಲೊಡೊವಿಕೊ ಬುವೊನರೋಟಿ ಆಗ ಆ ಊರಿನ ಆಡಳಿತಾಧಿಕಾರಿ. ಅದು ಕೆಲವು ತಿಂಗಳ ನೌಕರಿ, ಮುಗಿದ ಮೇಲೆ ಮತ್ತೆ ಫ್ಲಾರೆನ್ಸಿಗೆ ವಾಪಸು. ಮನೆತನ ಹಳೆಯದು, ಹೆಸರಿತ್ತು, ಹಣವಿರಲಿಲ್ಲ. ಇಂಥ ಮನೆಗಳನ್ನು ನಾವೂ ನಮ್ಮ ಸುತ್ತ ಕಂಡಿದ್ದೇವೆ. ಅಜ್ಜನ ಕಾಲದ ಗೌರವವೇ ಆಸ್ತಿ, ಕೈಕೆಲಸ ಮಾಡುವುದೆಂದರೆ ಅವಮಾನ.

ಮಗುವಿಗೆ ಹಾಲೂಡಿಸಲು ಆ ಕಾಲದ ಪದ್ಧತಿಯಂತೆ ಬೇರೊಬ್ಬ ತಾಯಿಯನ್ನು ಗೊತ್ತುಮಾಡಿದರು. ಫ್ಲಾರೆನ್ಸಿನ ಪಕ್ಕದ ಸೆಟಿನ್ಯಾನೊ ಎಂಬ ಹಳ್ಳಿಯವಳು ಆಕೆ. ಆ ಹಳ್ಳಿಯ ಸುತ್ತ ಕಲ್ಲುಗಣಿಗಳು. ಆಕೆ ಕಲ್ಲುಕುಟಿಗನ ಮಗಳು, ಕಲ್ಲುಕುಟಿಗನ ಹೆಂಡತಿ. ಉಳಿ ಸುತ್ತಿಗೆಗಳನ್ನು ತಾನು ಆ ತಾಯಿಯ ಹಾಲಿನ ಜೊತೆಗೇ ಕುಡಿದೆ ಎಂದು ಮೈಕೆಲ್ಯಾಂಜೆಲೊ ಮುಂದೆ ತನ್ನ ಜೀವನಚರಿತ್ರೆ ಬರೆದ ವಸಾರಿಯೊಡನೆ ತಮಾಷೆ ಮಾಡುತ್ತಿದ್ದನಂತೆ. ತಮಾಷೆಯೇ ಇರಬಹುದು, ಅದರಲ್ಲಿ ಸತ್ಯವೂ ಉಂಟು. ಹೆತ್ತ ತಾಯಿ ಫ್ರಾಂಚೆಸ್ಕಾ ಅವನಿಗೆ ಆರು ವರ್ಷವಾಗಿದ್ದಾಗ ತೀರಿಕೊಂಡಳು. ಐವರು ಗಂಡುಮಕ್ಕಳಲ್ಲಿ ಅವನು ಎರಡನೆಯವನು.

ತಂದೆ ಅವನನ್ನು ವ್ಯಾಕರಣ ಶಾಲೆಗೆ ಹಾಕಿದ. ಲ್ಯಾಟಿನ್ ಕಲಿತು ಲೆಕ್ಕಪತ್ರದ ಕೆಲಸಕ್ಕೋ ಸರ್ಕಾರಿ ಹುದ್ದೆಗೋ ಸೇರಲಿ ಎಂಬುದು ಆಸೆ. ಹುಡುಗನಿಗೆ ಲ್ಯಾಟಿನ್ ಹತ್ತಲಿಲ್ಲ. ಪಾಠ ತಪ್ಪಿಸಿ ಚಿತ್ರ ಬರೆಯುತ್ತ ಕೂರುತ್ತಿದ್ದ. ಇದಕ್ಕಾಗಿ ತಂದೆಯೂ ಚಿಕ್ಕಪ್ಪ ದೊಡ್ಡಪ್ಪಂದಿರೂ ಅವನನ್ನು ಚೆನ್ನಾಗಿ ಹೊಡೆದರೆಂದು ಅವನ ಶಿಷ್ಯ ಕಾಂಡಿವಿ ಬರೆದ ಚರಿತ್ರೆಯಲ್ಲಿದೆ. ಶಿಲ್ಪಿಗೂ ಕಲ್ಲುಕುಟಿಗನಿಗೂ ಇರುವ ವ್ಯತ್ಯಾಸ ತಂದೆಗೆ ಅರ್ಥವಾಗಲಿಲ್ಲ ಎಂದೂ ಅದೇ ಚರಿತ್ರೆ ಹೇಳುತ್ತದೆ. ಮನೆಯ ಮಾನ ಹೋಗುತ್ತದೆ ಎಂಬುದೇ ಅವರ ಸಂಕಟ. ಕೊನೆಗೆ ಹುಡುಗನ ಹಟವೇ ಗೆದ್ದಿತು. 1488ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಅವನು ದೊಮೆನಿಕೊ ಗಿರ್ಲಾಂದಾಯೊ ಎಂಬ ಹೆಸರಾಂತ ಚಿತ್ರಕಾರನ ಬಳಿ ಕೆಲಸ ಕಲಿಯಲು ಸೇರಿದ. ಮೂರು ವರ್ಷಕ್ಕೆ 24 ಫ್ಲಾರಿನ್ ಎಂದು ಕರಾರು. ಕಲಿಯಲು ಬಂದ ಹುಡುಗನಿಗೆ ಗುರುವೇ ಹಣ ಕೊಡುವುದೆಂದರೆ, ಅವನ ಕೈ ಆಗಲೇ ಎಷ್ಟು ಪಳಗಿತ್ತೆಂದು ಊಹಿಸಬಹುದು.

ಒಂದೆರಡು ವರ್ಷಗಳಲ್ಲೇ ಅವನು ಅಲ್ಲಿಂದ ಹೊರಬಿದ್ದ. ಫ್ಲಾರೆನ್ಸನ್ನು ಆಗ ಆಳುತ್ತಿದ್ದುದು ಮೆಡಿಚಿ ಎಂಬ ಬ್ಯಾಂಕರುಗಳ ಮನೆತನ. ಯಜಮಾನ ಲೊರೆಂಜೊ. ಅವನ ತೋಟದಲ್ಲಿ ಪ್ರಾಚೀನ ರೋಮಿನ ಒಡೆದ ಮೂರ್ತಿಗಳನ್ನು ಇಡಲಾಗಿತ್ತು. ಮಹಾಶಿಲ್ಪಿ ದೊನಾಟೆಲೊನ ಶಿಷ್ಯನಾಗಿದ್ದ ಬೆರ್ಟೊಲ್ಡೊ ಎಂಬ ಮುದುಕ ಅದರ ಉಸ್ತುವಾರಿ. ಹುಡುಗ ಅಲ್ಲಿ ಒಂದು ಮುದಿ ವನದೇವತೆಯ ತಲೆಯನ್ನು ನೋಡಿ ಅಮೃತಶಿಲೆಯಲ್ಲಿ ಅದರಂತೆಯೇ ಕೆತ್ತಿದ. ಲೊರೆಂಜೊ ನೋಡಿ ಮೆಚ್ಚಿ, ಇಷ್ಟು ಮುದುಕನಿಗೆ ಹಲ್ಲೆಲ್ಲ ಹೇಗೆ ಗಟ್ಟಿಯಾಗಿ ಉಳಿದವಪ್ಪಾ ಎಂದು ನಗೆಯಾಡಿದನಂತೆ. ಅವನು ಆಚೆ ಹೋಗುವಷ್ಟರಲ್ಲಿ ಹುಡುಗ ಒಂದು ಹಲ್ಲನ್ನು ಒಡೆದು, ವಸಡಿನಲ್ಲಿ ಹಳ್ಳವನ್ನೂ ಕೊರೆದಿಟ್ಟ. ಲೊರೆಂಜೊ ಅವನನ್ನು ತನ್ನ ಮನೆಗೇ ಕರೆದುಕೊಂಡ. ಮಕ್ಕಳ ಜೊತೆ ಊಟ, ವಿದ್ವಾಂಸರ ಮಾತು ಕೇಳುವ ಅವಕಾಶ. ಲ್ಯಾಟಿನ್ ಶಾಲೆ ಕೊಡದ ವಿದ್ಯೆ ಈ ಊಟದ ಪಂಕ್ತಿಯಲ್ಲಿ ಸಿಕ್ಕಿತು.

ಹೋಗುವವರು ಇಲ್ಲಿಂದಲೇ ಶುರುಮಾಡಬೇಕು. ಗಿಬೆಲ್ಲಿನಾ ಎಂಬ ಬೀದಿಯಲ್ಲಿ ಕಾಸಾ ಬುವೊನರೋಟಿ ಎಂಬ ಮನೆಯಿದೆ. ಅವನು ಕೊಂಡ ಜಾಗದಲ್ಲಿ ಅವನ ತಮ್ಮನ ವಂಶದವರು ಕಟ್ಟಿಸಿದ್ದು. ಆ ವಂಶದ ಕೊನೆಯವನು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟ. ದೊಡ್ಡ ಮ್ಯೂಸಿಯಮ್ಮುಗಳ ನೂಕುನುಗ್ಗಲು ಇಲ್ಲಿಲ್ಲ. ಹದಿನೈದರಿಂದ ಹದಿನೇಳರ ವಯಸ್ಸಿನಲ್ಲಿ ಅವನು ಕೆತ್ತಿದ ಎರಡು ಉಬ್ಬುಶಿಲ್ಪಗಳು ಇಲ್ಲಿವೆ. ಒಂದು ಮೆಟ್ಟಿಲ ಬಳಿ ಕೂತ ತಾಯಿ ಮಗು. ಇನ್ನೊಂದು ಅರ್ಧ ಮನುಷ್ಯ ಅರ್ಧ ಕುದುರೆಯಾದವರ ಕಾಳಗ. ಎರಡನೆಯದರಲ್ಲಿ ಮೈಗೆ ಮೈ ತಾಗಿ ನುಗ್ಗಾಡುವ ಗಂಡಸರ ರಾಶಿ. ಹಿಂದುಗಡೆ ಉಳಿಯ ಗುರುತು ಹಾಗೇ ಇದೆ. ಹೈಸ್ಕೂಲು ವಯಸ್ಸಿನ ಹುಡುಗನ ಕೈ ಅದು. ನಮ್ಮ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಲ್ಲು ನನಗೆ ಗೊತ್ತಿಲ್ಲ.

1492ರಲ್ಲಿ ಲೊರೆಂಜೊ ಸತ್ತ. ಅವನ ಮಗ ಪಿಯೆರೊನಿಗೆ ತಂದೆಯ ಬುದ್ಧಿ ಇರಲಿಲ್ಲ. ಒಂದು ಚಳಿಗಾಲದಲ್ಲಿ ಭಾರಿ ಹಿಮ ಬಿದ್ದಾಗ ಈ ಶಿಲ್ಪಿಯನ್ನು ಕರೆಸಿ ಅಂಗಳದಲ್ಲಿ ಹಿಮದ ಬೊಂಬೆ ಮಾಡಿಸಿದ ಎಂಬುದೊಂದೇ ಅವನು ಮಾಡಿಸಿದ್ದಾಗಿ ನೆನಪಿನಲ್ಲಿ ಉಳಿದಿರುವ ಕೆಲಸ. ಈ ವರ್ಷಗಳಲ್ಲಿ ಇನ್ನೆರಡು ಸಂಗತಿ ನಡೆದವು. ಜೊತೆಗೆ ಕಲಿಯುತ್ತಿದ್ದ ಟೊರಿಜಾನೊ ಎಂಬ ಹುಡುಗ ಜಗಳದಲ್ಲಿ ಮೂಗಿಗೆ ಗುದ್ದಿ ಅದನ್ನು ಮುರಿದ. ಆ ಚಪ್ಪಟೆ ಮೂಗು ಜೀವಮಾನವಿಡೀ ಉಳಿಯಿತು. ಎರಡನೆಯದು, ಸಾಂತೊ ಸ್ಪಿರಿಟೊ ಎಂಬ ಮಠದ ಹಿರಿಯರು ಆಸ್ಪತ್ರೆಯ ಹೆಣಗಳನ್ನು ಕೊಯ್ದು ನೋಡಲು ಅವನಿಗೆ ಅವಕಾಶ ಕೊಟ್ಟರು. ಚರ್ಮದ ಕೆಳಗೆ ಯಾವ ಸ್ನಾಯು ಎಲ್ಲಿ ಹೊರಳುತ್ತದೆ ಎಂದು ಅವನು ಕಲಿತದ್ದು ಹಾಗೆ. ಅದಕ್ಕೆ ಪ್ರತಿಯಾಗಿ ಮರದಲ್ಲಿ ಏಸುವಿನ ಮೂರ್ತಿಯೊಂದನ್ನು ಕೆತ್ತಿಕೊಟ್ಟ.

ಮೆಡಿಚಿಗಳನ್ನು ಜನ ಊರಿನಿಂದ ಓಡಿಸಿದರು. ಮೈಕೆಲ್ಯಾಂಜೆಲೊನೂ ಸ್ವಲ್ಪ ಮೊದಲೇ ಊರು ಬಿಟ್ಟಿದ್ದ. ತಿರುಗಿ ತಿರುಗಿ 1496ರಲ್ಲಿ ರೋಮಿಗೆ ಹೋದ. ಹೋದ ಕಾರಣ ವಿಚಿತ್ರವಾದದ್ದು. ಮಲಗಿದ ಮನ್ಮಥನ ಮೂರ್ತಿಯೊಂದನ್ನು ಅವನು ಕೆತ್ತಿದ್ದ. ಅದನ್ನು ಮಣ್ಣಿನಲ್ಲಿ ಹೂತು ತೆಗೆದಂತೆ ಹಳತು ಮಾಡಿ, ಪ್ರಾಚೀನ ಮೂರ್ತಿಯೆಂದು ದಲ್ಲಾಳಿಯೊಬ್ಬ ರಿಯಾರಿಯೊ ಎಂಬ ಕಾರ್ಡಿನಲ್‌ಗೆ ಮಾರಿದ. ಮೋಸ ಬಯಲಾಯಿತು. ಕಾರ್ಡಿನಲ್ ಹಣ ವಾಪಸು ಪಡೆದ, ಆದರೆ ಹೀಗೆ ಕೆತ್ತಬಲ್ಲ ಹುಡುಗ ಯಾರೆಂದು ಹುಡುಕಿಸಿ ಕರೆಸಿಕೊಂಡ. ಅವನಿಗಾಗಿ ಕೆತ್ತಿದ ಮದ್ಯದೇವತೆ ಬಾಕಸ್ ಈಗ ಫ್ಲಾರೆನ್ಸಿನ ಬಾರ್ಜೆಲ್ಲೊ ಮ್ಯೂಸಿಯಮ್ಮಿನಲ್ಲಿದೆ. ಕುಡಿದು ತೂರಾಡುವ ದೇವರು, ಕಾಲ ಹಿಂದೆ ಅವನ ದ್ರಾಕ್ಷಿ ಕದಿಯುವ ಪುಟ್ಟ ವನದೇವತೆ. ಬಾರ್ಜೆಲ್ಲೊ ಕಟ್ಟಡ ಹದಿಮೂರನೆಯ ಶತಮಾನದ್ದು, ಬಹುಕಾಲ ಸೆರೆಮನೆಯಾಗಿತ್ತು. 1865ರಲ್ಲಿ ಮ್ಯೂಸಿಯಂ ಆಯಿತು. ಶಿಲ್ಪ ನೋಡಬೇಕೆನ್ನುವವರು ಬೇರೆಲ್ಲ ಬಿಟ್ಟರೂ ಇದನ್ನು ಬಿಡಬಾರದು.

ರೋಮಿನಲ್ಲೇ ಅವನು ಪಿಯೆತಾ ಕೆತ್ತಿದ. ಸತ್ತ ಮಗ ಏಸುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ಮೇರಿ. 1498ರಲ್ಲಿ ಫ್ರೆಂಚ್ ಕಾರ್ಡಿನಲ್ ಒಬ್ಬರೊಡನೆ 450 ಡುಕಾಟುಗಳಿಗೆ ಒಪ್ಪಂದ. ಮುಗಿದಾಗ ಅವನಿಗೆ ಇಪ್ಪತ್ತನಾಲ್ಕು ತುಂಬಿ ಹೆಚ್ಚೇನೂ ಆಗಿರಲಿಲ್ಲ. ನೋಡಿದ ಯಾರೋ ಇದು ಬೇರೊಬ್ಬ ಶಿಲ್ಪಿಯ ಕೆಲಸವೆಂದರಂತೆ. ಅಂದು ರಾತ್ರಿ ಅವನು ದೀಪ ಹಿಡಿದು ಬಂದು ಮೇರಿಯ ಎದೆಯ ಮೇಲಿನ ಪಟ್ಟಿಯಲ್ಲಿ ತನ್ನ ಹೆಸರು ಕೊರೆದ ಎಂಬುದು ಕಥೆ. ಕಥೆ ಹೇಗೋ ಇರಲಿ, ಅವನು ಹೆಸರು ಹಾಕಿದ ಮೂರ್ತಿ ಅದೊಂದೇ. 1972ರಲ್ಲಿ ಬುದ್ಧಿಭ್ರಮಣೆಯಾದವನೊಬ್ಬ ಸುತ್ತಿಗೆಯಿಂದ ಅದನ್ನು ಜಜ್ಜಿದ. ಸರಿಪಡಿಸಿ ಈಗ ಗಾಜಿನ ಹಿಂದೆ ಇಟ್ಟಿದ್ದಾರೆ.

ಇನ್ನು ಡೇವಿಡ್. ಇದರ ಕಥೆ ಕಲ್ಲಿನಿಂದಲೇ ಶುರುವಾಗುತ್ತದೆ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಕಾರ್ಖಾನೆಯ ಅಂಗಳದಲ್ಲಿ ಒಂದು ಭಾರಿ ಅಮೃತಶಿಲೆ ಸುಮಾರು ಮೂವತ್ತೈದು ವರ್ಷ ಬಿಸಿಲು ಮಳೆಗೆ ಬಿದ್ದಿತ್ತು. ಎತ್ತರ ಬಹಳ, ದಪ್ಪ ಕಡಿಮೆ. 1464ರಲ್ಲಿ ಒಬ್ಬ ಶಿಲ್ಪಿ ಕೈಹಾಕಿ ಬಿಟ್ಟ. ಹತ್ತು ವರ್ಷದ ಮೇಲೆ ಇನ್ನೊಬ್ಬನಿಗೆ ವಹಿಸಿದರು, ಅವನೂ ಬಿಟ್ಟ. ಕೆಟ್ಟ ಕಲ್ಲೆಂದು ಜನ ಕೈಬಿಟ್ಟಿದ್ದರು. 1501ರಲ್ಲಿ ಅದನ್ನು ಇಪ್ಪತ್ತಾರರ ಮೈಕೆಲ್ಯಾಂಜೆಲೊನಿಗೆ ಒಪ್ಪಿಸಿದರು. ತಿಂಗಳಿಗೆ ಆರು ಫ್ಲಾರಿನ್, ಎರಡು ವರ್ಷದ ಗಡುವು. ಅವನು ಸುತ್ತ ಮರೆ ಕಟ್ಟಿಸಿ, ಯಾರಿಗೂ ಕಾಣದಂತೆ ಕೆಲಸಕ್ಕೆ ನಿಂತ.

ಡೇವಿಡ್ ಬೈಬಲ್ಲಿನ ಕುರಿಗಾಹಿ ಹುಡುಗ. ಗೋಲಿಯಾತ್ ಎಂಬ ದೈತ್ಯನನ್ನು ಕವಣೆಕಲ್ಲಿನಿಂದ ಹೊಡೆದು ಕೆಡವಿದವನು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ಬೀಸಿದವರಿಗೆ ಈ ಆಯುಧ ಹೊಸದಲ್ಲ. ಮೊದಲಿನ ಶಿಲ್ಪಿಗಳೆಲ್ಲ ಗೆದ್ದ ಡೇವಿಡನನ್ನು ಮಾಡಿದರು. ದೊನಾಟೆಲೊನ ಕಂಚಿನ ಹುಡುಗ, ವೆರೋಕಿಯೊನ ಹುಡುಗ, ಇಬ್ಬರೂ ಬಾರ್ಜೆಲ್ಲೊದಲ್ಲಿ ನಿಂತಿದ್ದಾರೆ. ಇಬ್ಬರ ಕಾಲ ಬಳಿಯೂ ದೈತ್ಯನ ಕಡಿದ ತಲೆ. ಮೈಕೆಲ್ಯಾಂಜೆಲೊನ ಡೇವಿಡನ ಕಾಲ ಬಳಿ ತಲೆಯಿಲ್ಲ. ಅವನು ಇನ್ನೂ ಹೊಡೆದಿಲ್ಲ. ಕವಣೆ ಹೆಗಲ ಮೇಲಿದೆ, ಹುಬ್ಬು ಗಂಟಿಕ್ಕಿದೆ, ಕೆಳಗಿಳಿಬಿಟ್ಟ ಬಲಗೈಯ ಮೇಲೆ ನರ ಉಬ್ಬಿದೆ. ಎದುರಾಳಿಯನ್ನು ಅಳೆಯುತ್ತಿದ್ದಾನೆ. ಮೊದಲು ಬಾರ್ಜೆಲ್ಲೊಗೆ ಹೋಗಿ ಆ ಇಬ್ಬರನ್ನು ನೋಡಿ, ಆಮೇಲೆ ಅಕಾಡೆಮಿಯಾಕ್ಕೆ ಹೋಗಿ ಈ ಮೂರನೆಯವನನ್ನು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ, ಯಾವ ಗೈಡೂ ಬೇಕಿಲ್ಲ.

ಎತ್ತರ 5.17 ಮೀಟರ್, ಅಂದರೆ ಸುಮಾರು 17 ಅಡಿ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ನೋಡಿದ ನಮ್ಮ ಕಣ್ಣಿಗೆ ಇದು ದೊಡ್ಡದೆನಿಸದು. ಆದರೆ ಗೊಮ್ಮಟ ಬೆಟ್ಟದ ಬಂಡೆಯಲ್ಲೇ ಮೂಡಿ ಅಲ್ಲೇ ನಿಂತವನು. ಡೇವಿಡನನ್ನು ಊರೊಳಗೆ ಸಾಗಿಸಬೇಕಿತ್ತು. ಎಲ್ಲಿ ನಿಲ್ಲಿಸುವುದೆಂದು ತೀರ್ಮಾನಿಸಲು 1504ರ ಜನವರಿಯಲ್ಲಿ ಒಂದು ಸಭೆ ಸೇರಿತು. ಲಿಯೊನಾರ್ಡೊ ಡ ವಿಂಚಿ, ಬೊಟಿಚೆಲ್ಲಿ ಅದರಲ್ಲಿದ್ದರು. ಕೊನೆಗೆ ಆಡಳಿತ ಭವನದ ಬಾಗಿಲಲ್ಲಿ ನಿಲ್ಲಿಸುವುದೆಂದಾಯಿತು. ಮೇ ತಿಂಗಳಲ್ಲಿ ಮರದ ಚೌಕಟ್ಟಿನಲ್ಲಿ ಹಗ್ಗದಿಂದ ತೂಗುಬಿಟ್ಟು, ಜಿಡ್ಡು ಹಚ್ಚಿದ ದಿಮ್ಮಿಗಳ ಮೇಲೆ ನಲವತ್ತು ಆಳುಗಳು ಎಳೆದರು. ಕೆಲವೇ ನಿಮಿಷ ನಡೆದು ಹೋಗುವ ದಾರಿಗೆ ನಾಲ್ಕು ದಿನ ಹಿಡಿಯಿತು. ರಾತ್ರಿ ಯಾರೋ ಕಲ್ಲು ತೂರಿದ್ದರಿಂದ ಕಾವಲೂ ಹಾಕಬೇಕಾಯಿತು. 1527ರ ದಂಗೆಯಲ್ಲಿ ಮೇಲಿನಿಂದ ಎಸೆದ ಬೆಂಚು ಬಿದ್ದು ಎಡಗೈ ಮುರಿಯಿತು. ಚೂರುಗಳನ್ನು ಆರಿಸಿ ಕಾಪಾಡಿದವರು ಇಬ್ಬರು ಹುಡುಗರು. ಅವರಲ್ಲೊಬ್ಬನೇ ಮುಂದೆ ಜೀವನಚರಿತ್ರೆ ಬರೆದ ವಸಾರಿ. 1873ರಲ್ಲಿ ಮೂರ್ತಿಯನ್ನು ಅಕಾಡೆಮಿಯಾದ ಒಳಗೆ ಒಯ್ದರು. ಚೌಕದಲ್ಲಿ ಈಗ ನಿಂತಿರುವುದು 1910ರ ಪ್ರತಿ. ಅದರ ಮುಂದೆ ಫೋಟೊ ತೆಗೆಸಿಕೊಂಡು ಡೇವಿಡನನ್ನು ನೋಡಿದೆವೆಂದು ಊರಿಗೆ ಬರುವವರು ಬಹಳ. ಅಸಲಿಯನ್ನು ನೋಡಬೇಕಾದರೆ ಟಿಕೆಟ್ಟನ್ನು ಮುಂಚೆಯೇ ಕಾಯ್ದಿರಿಸಿ. ಸೋಮವಾರ ಅಕಾಡೆಮಿಯಾಕ್ಕೆ ರಜೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಮ್ಮುಗಳಿಗೆ ಪ್ರವೇಶ ಉಚಿತ, ಆದರೆ ಅಂದಿನ ಸಾಲು ನಮ್ಮ ಜಾತ್ರೆಯ ಸಾಲಿಗಿಂತ ಕಡಿಮೆಯಿರುವುದಿಲ್ಲ.

ಹೆಸರು ಬಂತು, ಹಣವೂ ಬಂತು. ಹಣ ಹೋಗುತ್ತಿದ್ದುದು ಮನೆಗೆ. ಕಲ್ಲು ಕುಟ್ಟಿ ಮಾನ ಕಳೆಯುತ್ತಾನೆಂದು ಹೊಡೆದ ಅದೇ ತಂದೆ, ಅದೇ ತಮ್ಮಂದಿರು ಅವನ ಉಳಿಯಿಂದಲೇ ಉಂಡರು. ತಮ್ಮಂದಿರ ಉಣ್ಣೆ ವ್ಯಾಪಾರಕ್ಕೆ ಬಂಡವಾಳ ಅವನದು, ಫ್ಲಾರೆನ್ಸಿನ ಸುತ್ತ ಕೊಂಡ ಹೊಲ ಮನೆಗಳು ಅವನ ದುಡ್ಡಿನವು. ಅವನ ಸುಮಾರು ಐನೂರು ಪತ್ರಗಳು ಉಳಿದಿವೆ. ಅವುಗಳಲ್ಲಿ ಕಲೆಯ ಮಾತಿಗಿಂತ ಹಣದ ಮಾತೇ ಹೆಚ್ಚು. ಜೊವಾನ್ಸಿಮೋನೆ ಎಂಬ ತಮ್ಮ ಮುದಿ ತಂದೆಯ ಮೇಲೆ ಜೋರು ಮಾಡಿದ ಸುದ್ದಿ ಕೇಳಿ ರೋಮಿನಿಂದ ಬರೆದ ಪತ್ರವೊಂದಿದೆ. ಹನ್ನೆರಡು ವರ್ಷ ಇಟಲಿಯೆಲ್ಲ ಅಲೆದು, ಎಲ್ಲ ಅವಮಾನ ನುಂಗಿ, ಮೈ ಸವೆಸಿದ್ದು ಈ ಮನೆಯನ್ನು ಎತ್ತಲೆಂದೇ ಅಲ್ಲವೇ ಎಂಬುದು ಅದರ ತಿರುಳು. ಓದಿದರೆ ದುಬೈಗೋ ಮುಂಬಯಿಗೋ ದುಡಿಯಲು ಹೋದ ಮನೆಮಗ ಬರೆದಂತೆಯೇ ಇದೆ. ತಾನು ಮಾತ್ರ ರೊಟ್ಟಿ, ಸ್ವಲ್ಪ ವೈನು ಇಷ್ಟರಲ್ಲೇ ದಿನ ಕಳೆದು, ಬೂಟು ಕಳಚದೆ ಮಲಗುತ್ತಿದ್ದ. ಜಿಪುಣ, ಮುಂಗೋಪಿ, ಸಂಶಯದವನು ಎಂದು ಹೆಸರು. ಅದು ಸುಳ್ಳೇನಲ್ಲ. ಮದುವೆಯಾಗಲಿಲ್ಲ.

1505ರಲ್ಲಿ ಪೋಪ್ ಎರಡನೆಯ ಜೂಲಿಯಸ್ ಕರೆಸಿ ತನ್ನ ಸಮಾಧಿಯನ್ನು ಕಟ್ಟಲು ಹೇಳಿದ. ಮೂರು ಅಂತಸ್ತು, ನಲವತ್ತರಷ್ಟು ಮೂರ್ತಿಗಳ ಯೋಜನೆ. ಮೈಕೆಲ್ಯಾಂಜೆಲೊ ಕರಾರಾ ಗಣಿಗಳಲ್ಲಿ ಎಂಟು ತಿಂಗಳಿದ್ದು ಕಲ್ಲು ಆರಿಸಿದ. ಕಲ್ಲು ರೋಮಿಗೆ ಬರುವಷ್ಟರಲ್ಲಿ ಪೋಪನ ಮನಸ್ಸು ಬೇರೆ ಕಡೆ ತಿರುಗಿತ್ತು. ಹಣ ಕೇಳಲು ಹೋದವನನ್ನು ಬಾಗಿಲಲ್ಲೇ ತಡೆದರು. ಅವನು ಸಿಟ್ಟಿಗೆದ್ದು ಕುದುರೆ ಹತ್ತಿ ಫ್ಲಾರೆನ್ಸಿಗೆ ಹೊರಟುಬಿಟ್ಟ. ಆಮೇಲೆ ರಾಜಿಯಾಯಿತು, ಆದರೆ ಪೋಪ್ ವಹಿಸಿದ್ದು ಬೇರೆಯೇ ಕೆಲಸ: ಸಿಸ್ಟೈನ್ ಪ್ರಾರ್ಥನಾ ಮಂದಿರದ ಚಾವಣಿಗೆ ಚಿತ್ರ ಬರೆಯುವುದು. ತಾನು ಶಿಲ್ಪಿ, ಚಿತ್ರಕಾರನಲ್ಲ ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. 1508ರಿಂದ 1512ರವರೆಗೆ, ಉದ್ದ ಸುಮಾರು 40 ಮೀಟರ್, ಅಗಲ 13 ಮೀಟರಿನ ಚಾವಣಿಯಲ್ಲಿ ಮುನ್ನೂರಕ್ಕೂ ಹೆಚ್ಚು ಆಕೃತಿಗಳು. ಅವನು ಮಲಗಿಕೊಂಡು ಬರೆದ ಎಂದು ನಾವೆಲ್ಲ ಕೇಳಿದ್ದೇವೆ. ಅದು ತಪ್ಪು. ತಾನೇ ಯೋಚಿಸಿ ಕಟ್ಟಿಸಿದ ಅಟ್ಟಣಿಗೆಯ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಮುಖಕ್ಕೆ ಬಣ್ಣ ಸುರಿಸಿಕೊಳ್ಳುತ್ತ ಬರೆದ. ಹಸಿ ಗಾರೆ ಒಣಗುವ ಮೊದಲು ಅಂದಿನ ಭಾಗ ಮುಗಿಯಬೇಕು, ಇಲ್ಲದಿದ್ದರೆ ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು. ಹಾಗೆ ನಿಂತ ತನ್ನ ಚಿತ್ರವನ್ನು ಅವನೇ ಒಂದು ಹಾಳೆಯ ಅಂಚಿನಲ್ಲಿ ಗೀಚಿದ್ದಾನೆ. ಈ ಚಾವಣಿಯ ಬಗ್ಗೆ ಬರೆದವರು ಸಾವಿರ ಜನ, ನಾನು ಬೆಳೆಸುವುದಿಲ್ಲ.

ಸಮಾಧಿಯ ಕಥೆ ಮಾತ್ರ ಹೇಳಲೇಬೇಕು. 1513ರಲ್ಲಿ ಜೂಲಿಯಸ್ ಸತ್ತ. ವಾರಸುದಾರರು ಕೆಲಸ ಮುಗಿಸೆಂದು ಬೆನ್ನುಬಿದ್ದರು. ಹೊಸ ಪೋಪರು ಬೇರೆ ಕೆಲಸಗಳಿಗೆ ಎಳೆದರು. ಕರಾರಿನ ಮೇಲೆ ಕರಾರು, ಪ್ರತಿಸಲವೂ ಸಮಾಧಿ ಸಣ್ಣದಾಗುತ್ತ ಹೋಯಿತು. ಮುಗಿದದ್ದು 1545ರಲ್ಲಿ, ಶುರುವಾದ ನಲವತ್ತು ವರ್ಷಕ್ಕೆ. ರೋಮಿನ ಒಂದು ಚರ್ಚಿನಲ್ಲಿ ಗೋಡೆಗೆ ಹೊಂದಿಸಿ ಕಟ್ಟಿದ ಸಾಧಾರಣ ಸಮಾಧಿ ಅದು. ಅದರ ನಡುವೆ ಕೂತ ಮೋಸೆಸ್‌ನ ಮೂರ್ತಿಯೊಂದೇ ಮೂಲ ಯೋಜನೆಯ ಗಾತ್ರವನ್ನು ತೋರಿಸುತ್ತದೆ.

ಆ ಸಮಾಧಿಗೆಂದು ಕೆತ್ತತೊಡಗಿ ಬಿಟ್ಟ ನಾಲ್ವರು ಸೆರೆಯಾಳುಗಳು ಅಕಾಡೆಮಿಯಾದಲ್ಲಿ, ಡೇವಿಡನಿಗೆ ಹೋಗುವ ದಾರಿಯ ಎರಡೂ ಬದಿಗೆ ನಿಂತಿದ್ದಾರೆ. ಬಂದವರೆಲ್ಲ ತುದಿಯಲ್ಲಿ ಕಾಣುವ ಡೇವಿಡನ ಕಡೆಗೇ ನಡೆದುಬಿಡುತ್ತಾರಂತೆ. ನೀವು ಇಲ್ಲಿ ನಿಲ್ಲಿ. ಮೈಕೆಲ್ಯಾಂಜೆಲೊ ಕಲ್ಲಿನ ಮುಂಭಾಗದಿಂದ ಒಳಕ್ಕೆ ಕೆತ್ತುತ್ತ ಹೋಗುತ್ತಿದ್ದ. ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟ ಬೊಂಬೆಯನ್ನು ಮೆಲ್ಲಗೆ ಎತ್ತಿದರೆ ಉಬ್ಬಿದ ಭಾಗ ಮೊದಲು, ಆಮೇಲೆ ಉಳಿದದ್ದು ಕಾಣುತ್ತದಲ್ಲ, ಹಾಗೆ ಎಂದು ವಸಾರಿ ವಿವರಿಸಿದ್ದಾನೆ. ಈ ನಾಲ್ವರಲ್ಲಿ ಎದೆ ಹೊಟ್ಟೆ ಹೊರಬಂದಿವೆ, ಬೆನ್ನು ಕಲ್ಲಿನೊಳಗೇ ಇದೆ. ಒಬ್ಬನ ತಲೆ ಇನ್ನೂ ಚೌಕ ಬಂಡೆ. ಚೂಪು ಉಳಿಯಿಂದ ಆಳವಾಗಿ ಹೊಡೆದ ಗೀರುಗಳು, ಅದರ ಮೇಲೆ ಹಲ್ಲಿನ ಉಳಿಯಿಂದ ಬಾಚಿದಂತೆ ಎಳೆದ ಸಾಲುಗಳು, ಎಲ್ಲ ನಿನ್ನೆ ಬಿಟ್ಟುಹೋದಂತೆ ಇವೆ. ನಮ್ಮೂರ ಒರಳುಕಲ್ಲು ಕೆತ್ತುವವರು ಇದನ್ನು ನೋಡಿದರೆ ಯಾವ ಏಟು ಮೊದಲು, ಯಾವುದು ಆಮೇಲೆ ಎಂದು ಹೇಳಿಯಾರು. ಬೇಕೆಂದೇ ಹೀಗೆ ಬಿಟ್ಟ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಒಡೆಯರು ಬದಲಾದರು, ಅವನಿಗೆ ಬಿಡುವು ಸಿಗಲಿಲ್ಲ, ಅಷ್ಟೇ.

ಬಿಡುವು ಹೇಗೆ ಹೋಯಿತೆಂಬುದಕ್ಕೆ ಒಂದೇ ಉದಾಹರಣೆ. ಮೆಡಿಚಿ ಮನೆತನದ ಪೋಪ್ ಹತ್ತನೆಯ ಲಿಯೊ ತಮ್ಮ ಮನೆತನದ ಸಾನ್ ಲೊರೆಂಜೊ ಚರ್ಚಿಗೆ ಅಮೃತಶಿಲೆಯ ಮುಂಭಾಗ ಕಟ್ಟಲು ಹೇಳಿದ. ಕಲ್ಲನ್ನು ಕರಾರಾದಿಂದ ತರಕೂಡದು, ಫ್ಲಾರೆನ್ಸಿನ ಸೀಮೆಯ ಸೆರಾವೆತ್ಸಾದ ಹೊಸ ಗಣಿಯಿಂದಲೇ ತೆಗೆಯಬೇಕು ಎಂಬ ಅಪ್ಪಣೆ. ಅಲ್ಲಿ ರಸ್ತೆಯೇ ಇರಲಿಲ್ಲ. ಮಹಾಶಿಲ್ಪಿ ಬೆಟ್ಟದಲ್ಲಿ ರಸ್ತೆ ಮಾಡಿಸುತ್ತ, ಆಳುಗಳೊಂದಿಗೆ ಜಗಳವಾಡುತ್ತ ವರ್ಷಗಳನ್ನು ಕಳೆದ. ಇಳಿಸುವಾಗ ಕಬ್ಬಿಣದ ಬಳೆ ತುಂಡಾಗಿ ಒಂದು ಕಂಬ ಉರುಳಿ ಚೂರಾಯಿತು. ಇನ್ನೊಮ್ಮೆ ಒಬ್ಬ ಆಳು ಸತ್ತ. 1520ರಲ್ಲಿ ಕರಾರು ರದ್ದಾಯಿತು. ಆ ಚರ್ಚಿನ ಮುಂಭಾಗ ಇವತ್ತಿಗೂ ಒರಟು ಕಲ್ಲಿನ ಬರಿ ಗೋಡೆ.

ಅದೇ ಚರ್ಚಿಗೆ ಸೇರಿದ ಮೆಡಿಚಿ ಸಮಾಧಿ ಮಂದಿರದಲ್ಲಿ ಹಗಲು, ರಾತ್ರಿ, ಮುಂಜಾವು, ಮುಸ್ಸಂಜೆ ಎಂಬ ಅವನ ನಾಲ್ಕು ಒರಗಿದ ಮೂರ್ತಿಗಳಿವೆ. ಕೆಲಸ ನಡೆಯುತ್ತಿದ್ದಾಗಲೇ, 1527ರಲ್ಲಿ, ಜನ ಮತ್ತೆ ಮೆಡಿಚಿಗಳನ್ನು ಓಡಿಸಿ ಗಣರಾಜ್ಯ ಕಟ್ಟಿದರು. ಮೈಕೆಲ್ಯಾಂಜೆಲೊ ಮೆಡಿಚಿಗಳ ಅನ್ನ ತಿಂದವನು. ಆದರೂ ಊರಿನ ಕಡೆ ನಿಂತ. 1529ರಲ್ಲಿ ಕೋಟೆ ಕೆಲಸಗಳಿಗೆ ಮುಖ್ಯಸ್ಥನಾದ. ಮಧ್ಯೆ ಒಮ್ಮೆ ಹೆದರಿ ವೆನಿಸ್ಸಿಗೆ ಓಡಿಹೋದದ್ದೂ ಉಂಟು, ಒಂದೆರಡು ತಿಂಗಳಲ್ಲಿ ಮರಳಿ ಬಂದದ್ದೂ ಉಂಟು. ಗುಡ್ಡದ ಮೇಲಿನ ಸಾನ್ ಮಿನಿಯಾತೊ ಗಂಟೆಗೋಪುರಕ್ಕೆ ಫಿರಂಗಿ ಗುಂಡು ತಾಗದಂತೆ ಉಣ್ಣೆಯ ಮೂಟೆ, ಹಾಸಿಗೆಗಳನ್ನು ಇಳಿಬಿಡಿಸಿದ. ಹತ್ತು ತಿಂಗಳ ಮುತ್ತಿಗೆಯ ನಂತರ 1530ರ ಆಗಸ್ಟಿನಲ್ಲಿ ಊರು ಸೋತಿತು. ಗೆದ್ದವರು ಎದುರು ನಿಂತವರನ್ನು ಹುಡುಕಿ ಕೊಲ್ಲತೊಡಗಿದರು. ಮೈಕೆಲ್ಯಾಂಜೆಲೊ ಅವಿತುಕೊಂಡ. ಕೊನೆಗೆ ಮೆಡಿಚಿ ಪೋಪ್ ಏಳನೆಯ ಕ್ಲೆಮೆಂಟನೇ ಕ್ಷಮಿಸಿದ. ಸಮಾಧಿ ಮುಗಿಸಿಕೊಡಲು ಬೇರೆ ಕೈ ಎಲ್ಲಿತ್ತು?

ಅವನು ಎಲ್ಲಿ ಅವಿತಿದ್ದನೆಂದು ನಾನೂರು ವರ್ಷ ಗೊತ್ತಿರಲಿಲ್ಲ. 1975ರಲ್ಲಿ ಆ ಸಮಾಧಿ ಮಂದಿರದ ಕೆಳಗೆ, ಇದ್ದಿಲು ತುಂಬುತ್ತಿದ್ದ ಕಿರಿದಾದ ಕೋಣೆಯ ಸುಣ್ಣ ಕೆರೆದಾಗ ಗೋಡೆಯ ತುಂಬ ಇದ್ದಿಲಿನ ಚಿತ್ರಗಳು ಕಂಡವು. ಕಾಲುಗಳು, ಮುಖಗಳು, ಬೀಳುತ್ತಿರುವ ಮೈಗಳು. ಅವನು ಅವಿತದ್ದು ಇಲ್ಲೇ ಎಂದು ಕಂಡುಹಿಡಿದವರು ನಂಬಿದರು. ಎಲ್ಲ ಗೆರೆಗಳೂ ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 2023ರ ನವೆಂಬರಿನಿಂದ ಜನರಿಗೆ ಬಿಡುತ್ತಿದ್ದಾರೆ, ಒಮ್ಮೆಗೆ ನಾಲ್ಕೇ ಮಂದಿ, ಕಾಲು ಗಂಟೆ ಮಾತ್ರ. ಟಿಕೆಟ್ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮುಂಚೆ ಪ್ರಯತ್ನಿಸಬೇಕು. ಸಿಕ್ಕರೆ ಬೇರೆ ಯಾವುದನ್ನು ಬಿಟ್ಟಾದರೂ ಹೋಗಿ.

1534ರಲ್ಲಿ ಅವನು ರೋಮಿಗೆ ಹೋದ. ಮತ್ತೆ ಮೂವತ್ತು ವರ್ಷ ಬದುಕಿದ್ದರೂ ಫ್ಲಾರೆನ್ಸಿಗೆ ಕಾಲಿಡಲಿಲ್ಲ. ಮೆಡಿಚಿಗಳು ಈಗ ದೊರೆಗಳಾಗಿದ್ದರು. ಎಷ್ಟು ಸಲ ಕರೆದರೂ ವಿನಯದಿಂದ ನೆಪ ಹೇಳಿದ. ರೋಮಿನಲ್ಲಿ ಅಂತಿಮ ತೀರ್ಪಿನ ದೊಡ್ಡ ಗೋಡೆಚಿತ್ರ ಬರೆದ. ಎಪ್ಪತ್ತು ದಾಟಿದ ಮೇಲೆ ಸೇಂಟ್ ಪೀಟರ್ ಚರ್ಚಿನ ಮುಖ್ಯ ವಾಸ್ತುಶಿಲ್ಪಿಯಾಗಿ ಸಂಬಳವಿಲ್ಲದೆ ದುಡಿದ. ಅದರ ಗುಮ್ಮಟ ಮುಗಿದದ್ದು ಅವನು ಸತ್ತ ಇಪ್ಪತ್ತಾರು ವರ್ಷಕ್ಕೆ, 1590ರಲ್ಲಿ. ಕವಯಿತ್ರಿ ವಿಟೋರಿಯಾ ಕೊಲೊನ್ನಾಳ ಸ್ನೇಹ, ಅವಳ ಸಾವು. ಇಪ್ಪತ್ತಾರು ವರ್ಷ ಜೊತೆಗಿದ್ದ ಸೇವಕ ಉರ್ಬಿನೊನ ಸಾವು. ಅವನ ಕಾಯಿಲೆಯಲ್ಲಿ ಯಜಮಾನನೇ ಬಟ್ಟೆ ಕಳಚದೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದನಂತೆ. ಜಿಪುಣ ಎಂದವರು ಇದನ್ನೂ ಬರೆದಿದ್ದಾರೆ, ಅವನಿಗೆ ಮುಪ್ಪಿಗೆಂದು ಕೊಟ್ಟ ಎರಡು ಸಾವಿರ ಸ್ಕೂಡೊಗಳನ್ನೂ ಬರೆದಿದ್ದಾರೆ.

ಮುದಿತನದಲ್ಲಿ ತನ್ನ ಸ್ವಂತ ಸಮಾಧಿಗೆಂದು ಇನ್ನೊಂದು ಪಿಯೆತಾ ಶುರುಮಾಡಿದ. ರಾತ್ರಿ ನಿದ್ದೆ ಬರದಾಗ ದಪ್ಪ ಕಾಗದದ ಟೋಪಿಯ ಮೇಲೆ ಮೇಣದಬತ್ತಿ ಸಿಕ್ಕಿಸಿಕೊಂಡು ಕೆತ್ತುತ್ತಿದ್ದ. ಏಸುವನ್ನು ಹಿಂದಿನಿಂದ ಹಿಡಿದು ನಿಂತ ಮುದುಕನ ಮುಖ ಅವನದೇ. ಎಂಟು ವರ್ಷ ಕೆಲಸ ಮಾಡಿ, ಒಂದು ದಿನ ಸುತ್ತಿಗೆ ತೆಗೆದುಕೊಂಡು ತಾನೇ ಒಡೆದ. ಶಿಷ್ಯನೊಬ್ಬ ಚೂರುಗಳನ್ನು ಜೋಡಿಸಿದ. ಏಸುವಿನ ಎಡಗಾಲು ಇಂದಿಗೂ ಇಲ್ಲ. ಏಕೆ ಒಡೆದ ಎಂಬುದಕ್ಕೆ ಹಲವು ಕಾರಣ ಹೇಳುತ್ತಿದ್ದರು. 2021ರಲ್ಲಿ ಮುಗಿದ ಶುದ್ಧೀಕರಣದ ಸಮಯದಲ್ಲಿ ಪರೀಕ್ಷಿಸಿದಾಗ ಕಲ್ಲು ಕರಾರಾದ್ದಲ್ಲ, ಸೆರಾವೆತ್ಸಾದ್ದು ಎಂದು ತಿಳಿಯಿತು. ಅವನು ರಸ್ತೆ ಮಾಡಿಸಿ ವರ್ಷಗಳನ್ನು ಕಳೆದುಕೊಂಡ ಅದೇ ಬೆಟ್ಟದ ಕಲ್ಲು. ಒಳಗೆ ಸಣ್ಣ ಸಣ್ಣ ಬಿರುಕುಗಳಿದ್ದವು. ಇದನ್ನು ದೊಡ್ಡ ಚರ್ಚಿನ ಹಿಂದಿರುವ ಅದರದೇ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

1564ರ ಫೆಬ್ರವರಿ 18ರಂದು ರೋಮಿನಲ್ಲಿ ಅವನು ತೀರಿಕೊಂಡ. ಎಂಬತ್ತೊಂಬತ್ತು ತುಂಬಲು ಮೂರು ವಾರಕ್ಕೂ ಕಡಿಮೆಯಿತ್ತು. ಸಾಯುವ ಮುನ್ನ ರೇಖಾಚಿತ್ರಗಳನ್ನು ಬೇಕಷ್ಟು ಸುಟ್ಟುಹಾಕಿದ್ದ. ಮನೆಯಲ್ಲಿ ಸಾಮಾನು ಹೆಚ್ಚಿರಲಿಲ್ಲ. ಪೆಟ್ಟಿಗೆಯೊಂದರಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಡುಕಾಟುಗಳು ಸಿಕ್ಕವು. ಹೆಣವನ್ನು ರೋಮಿನಲ್ಲೇ ಹೂಳಬೇಕೆಂದು ಪೋಪನ ಇಚ್ಛೆ. ಅಣ್ಣನ ಆಸ್ತಿಗೆಲ್ಲ ಒಬ್ಬನೇ ವಾರಸುದಾರನಾಗಿ ಉಳಿದಿದ್ದ ತಮ್ಮನ ಮಗ ಲಿಯೊನಾರ್ಡೊ ಓಡಿಬಂದು, ಹೆಣವನ್ನು ವ್ಯಾಪಾರದ ಸರಕಿನಂತೆ ಮೂಟೆ ಕಟ್ಟಿಸಿ ಗುಟ್ಟಾಗಿ ಫ್ಲಾರೆನ್ಸಿಗೆ ಸಾಗಿಸಿದ. ಬದುಕಿರುವಾಗ ಬರದವನು ಹೀಗೆ ಬಂದ. ರಾತ್ರಿ ಊರಿನ ಕಲಾವಿದರು ಪಂಜು ಹಿಡಿದು ಹೆಗಲು ಕೊಟ್ಟು ಸಾಂತಾ ಕ್ರೋಚೆ ಚರ್ಚಿಗೆ ಒಯ್ದರು. ಸುದ್ದಿ ಹೊರಬೀಳದಂತೆ ನೋಡಿಕೊಂಡಿದ್ದರೂ ಚರ್ಚು ಕಾಲಿಡಲು ಜಾಗವಿಲ್ಲದಷ್ಟು ತುಂಬಿತಂತೆ. ಸಮಾಧಿ ಅಲ್ಲೇ ಇದೆ, ಹುಟ್ಟಿನ ಶಿಲ್ಪಗಳನ್ನು ನೋಡಿದ ಆ ಮನೆಯಿಂದ ಐದು ನಿಮಿಷದ ನಡಿಗೆ. ಎದುರು ಗೋಡೆಗೆ ಗೆಲಿಲಿಯೊನ ಸಮಾಧಿ. ಮೈಕೆಲ್ಯಾಂಜೆಲೊ ಸಾಯುವ ಮೂರು ದಿನ ಮೊದಲು, ಫೆಬ್ರವರಿ 15ರಂದು, ಗೆಲಿಲಿಯೊ ಹುಟ್ಟಿದ್ದ. ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಇದನ್ನು ಹೇಳಬಹುದು.

ಮಿಲಾನಿನಿಂದ ವಿಮಾನ ಹಿಡಿಯುವವರು ಇನ್ನೊಂದು ಕೆಲಸ ಮಾಡಿ. ಅಲ್ಲಿನ ಸ್ಫೋರ್ಜಾ ಕೋಟೆಯಲ್ಲಿ ಅವನ ಕೊನೆಯ ಕಲ್ಲಿದೆ, ರೊಂಡಾನಿನಿ ಪಿಯೆತಾ. ಸಾಯುವ ಆರು ದಿನ ಮೊದಲು ಅವನು ಅದರ ಮುಂದೆ ನಿಂತು ಕೆತ್ತುತ್ತಿದ್ದನೆಂದು ಶಿಷ್ಯ ಬರೆದ ಪತ್ರವೊಂದರಿಂದ ತಿಳಿಯುತ್ತದೆ. ಮೊದಲು ಕೆತ್ತಿದ ಏಸುವನ್ನು ಅವನು ಒಡೆದು, ತಾಯಿಯ ಮೈಯಿಂದಲೇ ಕಲ್ಲು ತೆಗೆದು ಹೊಸ ಏಸುವನ್ನು ಶುರುಮಾಡಿದ್ದ. ತಾಯಿ ಮಗ ಒಂದೇ ಮೈಯಾಗಿ ಅಂಟಿಕೊಂಡಂತೆ ತೆಳ್ಳಗೆ ನಿಂತಿದ್ದಾರೆ. ಯಾರು ಯಾರನ್ನು ಹೊತ್ತಿದ್ದಾರೆಂದು ಹೇಳಲಾಗದು. ಪಕ್ಕದಲ್ಲಿ ಹಳೆಯ ಏಸುವಿನ ಬಲಗೈಯೊಂದು, ನುಣುಪಾಗಿ ಮುಗಿದದ್ದು, ಯಾವ ಮೈಗೂ ಸೇರದೆ ಹಾಗೇ ನಿಂತಿದೆ. ಅದನ್ನು ಕಡಿದು ತೆಗೆಯುವಷ್ಟರಲ್ಲಿ ಅವನ ದಿನ ಮುಗಿದಿತ್ತು.